ಮಕ್ಕಳು ಬಾರದ ಶಾಲೆ

2004ರ ಜುಲೈ ತಿಂಗಳ ಒಂದು ಗುರುವಾರ, ಕಲ್ಯಾಣ ನಗರದ ಹಿಂದಿನ ಹಳ್ಳಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಮುಖ್ಯಶಿಕ್ಷಕಿ ಅಕ್ಕಯಮ್ಮ ಠಾಣೆಗೆ ಬಂದು ದೂರು ಕೊಟ್ಟರು. ಮಕ್ಕಳು ಕುಡಿಯುವ ನೀರಿನ ತೊಟ್ಟಿಗೆ ಯಾರೋ ಸೀಮೆಎಣ್ಣೆ ಸುರಿದಿದ್ದರು. ಯಾರೂ ಕುಡಿದಿರಲಿಲ್ಲ. ಆದರೆ ಸುದ್ದಿ ಹರಡಿ, ಇದ್ದ ಮೂವತ್ತು ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು ಹೆತ್ತವರು ಮನೆಗೆ ಕರೆದೊಯ್ದಿದ್ದರು.

ಇನ್ಸ್‌ಪೆಕ್ಟರ್ ಹುಲಿಗೆಪ್ಪ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಪಿಳ್ಳಪ್ಪನೊಂದಿಗೆ ಹೋಗಿ ಪಂಚನಾಮೆ ನಡೆಸಿದರು. ತೊಟ್ಟಿಯ ಬೀಗ ಒಡೆದಿರಲಿಲ್ಲ.

"ಕೀ ಯಾರ ಹತ್ರ ಇರುತ್ತೆ?"

"ನನ್ನ ಹತ್ರ ಒಂದು, ಪದ್ಮಶ್ರೀ ಟೀಚರ್ ಹತ್ರ ಒಂದು. ಅವಳ ಮೇಲೆ ಅನುಮಾನ ಬೇಡ ಸಾರ್, ನನ್ನ ಮಗಳಿದ್ದಂಗೆ. ಹೊರಗಿನವರ ಮಕ್ಕಳು ಬೇಡ ಅನ್ನೋರು ಊರಲ್ಲಿದಾರೆ, ಅವರನ್ನ ಕೇಳಿ."

ಊರಿನ ಮಕ್ಕಳೆಲ್ಲ ಕಾನ್ವೆಂಟ್ ಸೇರಿ ಶಾಲೆ ಖಾಲಿಯಾದಾಗ, ಈ ಇಬ್ಬರೇ ಕಟ್ಟಡ ಕೆಲಸದವರ ಶೆಡ್ಡುಗಳಿಗೆ ಅಲೆದು ರಾಯಚೂರು, ಧರ್ಮಪುರಿ ಕಡೆಯ ಮಕ್ಕಳನ್ನು ಸೇರಿಸಿದ್ದರು.

ಪಿಳ್ಳಪ್ಪ ಊರಿನವರನ್ನು ವಿಚಾರಿಸಿ ಬಂದ. ಏನೂ ಸಿಗಲಿಲ್ಲ. ಅಡುಗೆಯ ಮಂಜುಳಮ್ಮ, "ಹತ್ತು ಗಂಟೆಗೆ ಅಕ್ಕಿ ತೊಳೆಯಕ್ಕೆ ನಲ್ಲಿ ತಿರುಗಿಸ್ದಾಗ್ಲೇ ವಾಸ್ನೆ ಬಂದಿದ್ದು ಸಾರ್. ಅದಕ್ಕೆ ಮುಂಚೆ ಯಾರ್ಗೂ ಗೊತ್ತಿರ್ಲಿಲ್ಲ" ಎಂದಳು.

ಹುಲಿಗೆಪ್ಪ ಎರಡನೇ ತರಗತಿಯ ರಾಯಚೂರು ಕಡೆಯ ಹುಡುಗಿಯನ್ನು ತಮ್ಮ ಊರ ಮಾತಿನಲ್ಲೇ ಕೇಳಿದರು: "ಬೆಳಿಗ್ಗಿ ನೀರ ಕುಡದ್ಯೇನವಾ?"

"ಇಲ್ರೀ. ಪ್ರೇಯರಿಗಿಂತ ಮೊದಲ ಪದ್ಮಶ್ರೀ ಮಿಸ್ ನಲ್ಲಿ ಮುಂದ ನಿಂತಿದ್ರು. ಯಾರೂ ಕುಡೀಬ್ಯಾಡ್ರಿ ಅಂದ್ರು."

ಪದ್ಮಶ್ರೀಯನ್ನು ಕರೆಸಿದರು.

"ವಾಸನೆ ಬರೋ ಮುಂಚೆ ನಿಮಗೆ ಹೇಗೆ ಗೊತ್ತಾಯ್ತು?"

ಆಕೆ ಕೀಯನ್ನು ಮೇಜಿನ ಮೇಲಿಟ್ಟಳು. "ಮಕ್ಕಳು ಕಮ್ಮಿ ಆದ್ರೆ ಸ್ಕೂಲ್ ಮುಚ್ತಾರೆ. ಆಗ ನನ್ನನ್ನ ಮನೆ ಹತ್ರ, ಹಲಸೂರಿಗೆ ಹಾಕ್ತಾರೆ ಅಂದ್ಕೊಂಡೆ."

ಬಾಗಿಲಲ್ಲಿದ್ದ ಅಕ್ಕಯಮ್ಮ ಒಳಗೆ ಬಂದರು. "ನನ್ನ ಹತ್ರ ಒಂದು ಮಾತು ಹೇಳ್ಬಾರ್ದಿತ್ತೇನೇ?"

"ಮನೆ ಹತ್ರ ಹಾಕಿಸ್ಕೊಡಿ ಅಂತ ಹೇಳಿದ್ದೆ ಮೇಡಂ. ಟ್ರಾನ್ಸ್‌ಫರ್ ಇವಳಿಗೆ ಕೊಡ್ಬೇಡಿ ಅಂತ ಬಿಇಒ ಆಫೀಸಿಗೆ ಹೋಗಿ ನೀವೇ ಹೇಳ್ಬಂದ್ರಿ. ನನ್ನ ಹತ್ರ ಮಾತ್ರ, ಪ್ರಯತ್ನ ಮಾಡ್ದೆ, ಆಗ್ಲಿಲ್ಲ ಅಂದ್ರಿ."



ಸಂಜೆ ನಾಲ್ಕಕ್ಕೆ ಬಂಧನವಾಯಿತು. ಪದ್ಮಶ್ರೀ ಹೇಳಿಕೆ ಕೊಟ್ಟಳು: ಫಿಟ್ಸ್ ಬರುವ ಐದು ವರ್ಷದ ಮಗಳು ಪ್ರಿಯಾಳನ್ನು ಹಲಸೂರಿನಲ್ಲಿ ನೆರೆಮನೆಯವರಿಗೆ ಒಪ್ಪಿಸಿ ಬರುತ್ತಿದ್ದೆ, ಹಿಂದಿನ ತಿಂಗಳು ಮಗು ಪ್ರಜ್ಞೆ ತಪ್ಪಿದ್ದು ನನಗೆ ತಿಳಿದದ್ದು ಸಂಜೆಗೆ.

ಮಹಿಳಾ ಕಾನ್‌ಸ್ಟೇಬಲ್ ಶಮೀಮ್ ಆಕೆಯನ್ನು ಜೀಪು ಹತ್ತಿಸಿದಾಗ ಅಕ್ಕಯಮ್ಮ ಹತ್ತಿರ ಬಂದರು.

"ನಿನ್ನ ಮನೆ ಹಲಸೂರಲ್ಲಿ ಎಲ್ಲಿ? ಮಗೂಗೆ ಮಾತ್ರೆ ಎಷ್ಟೊತ್ತಿಗೆ?"

ಪದ್ಮಶ್ರೀ ಶಮೀಮ್ ಹತ್ತಿರ ಪೆನ್ನು ಕೇಳಿ ಪಡೆದು, ಅಕ್ಕಯಮ್ಮನ ಅಂಗೈ ಮೇಲೆ ಮನೆಯ ವಿಳಾಸ, ಮಾತ್ರೆಯ ಹೊತ್ತು ಬರೆದಳು.