ಏಳು ಮಕ್ಕಳ ಮನೆಯ ಹಿರಿಮಗಳು

ಗಾನವಿ ಬೆಚ್ಚಿ ಕಣ್ಣು ತೆರೆದಾಗ ಅವಳ ಮಡಿಲು ಖಾಲಿಯಾಗಿತ್ತು.

ಮಣಿಪಾಲದ ಆಸ್ಪತ್ರೆಯೊಂದರ ಮಕ್ಕಳ ವಿಭಾಗ. ಎದುರಿಗೆ ಅಪರಿಚಿತ ಯುವಕನೊಬ್ಬ ನಿಂತಿದ್ದ. ಪುಟ್ಟ ಪ್ರಣತಿ ಅವನ ಹೆಗಲಿಗೆ ಕೆನ್ನೆ ಒತ್ತಿ ಮಲಗಿತ್ತು.

"ಕೊಡಿ ಇಲ್ಲಿ ಮಗುವನ್ನು..." ಅವಳು ಎರಡೂ ಕೈ ಚಾಚಿದಳು.

"ಹೆದರಬೇಡಿ. ನಿಮ್ಮ ಮಡಿಲಿಂದ ಜಾರ್ತಾ ಇತ್ತು, ಅದಕ್ಕೆ ಎತ್ತಿಕೊಂಡೆ. ಪಾಪ, ತುಂಬ ಸುಸ್ತಾಗಿರಬೇಕು ನಿಮಗೆ. ಮೊದಲನೇ ಮಗುವಾ?"

ಎಷ್ಟು ಜನ ಕೇಳಿದ ಪ್ರಶ್ನೆ ಇದು! ಬಸ್ಸಿನಲ್ಲಿ, ಅಂಗಡಿಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ...

"ನನ್ನ ಮಗು ಅಲ್ಲ," ಎಂದಳು ಗಾನವಿ. "ನನ್ನ ತಂಗಿ. ನಾವು ಏಳು ಜನ. ನಾನು ಮೊದಲನೆಯವಳು, ಇದು ಕೊನೆಯದ್ದು. ಇನ್ನೆಂತಾದರೂ ಕೇಳಲಿಕ್ಕುಂಟಾ?"

ಅವನು ನಗಲಿಲ್ಲ. ಮಗುವನ್ನು ಮೆಲ್ಲಗೆ ಅವಳ ಕೈಗಿಟ್ಟ.

"ಒಂದುಂಟು. ನಿಮ್ಮದು ತಿಂಡಿ ಆಯ್ತಾ?"

ಮಗುವಿಗೆ ಜ್ವರ ಇಳಿಯಿತಾ, ತಮ್ಮಂದಿರು ಶಾಲೆಗೆ ಹೋದರಾ, ಅಪ್ಪನ ಮಡಿಬಟ್ಟೆ ಒಣಗಿತಾ... ಅವಳನ್ನು ಎಲ್ಲರೂ ಕೇಳುತ್ತಿದ್ದದ್ದು ಇಂಥದ್ದನ್ನೇ. ಅವಳದ್ದು ತಿಂಡಿ ಆಯಿತೇ ಎಂದು ಯಾರೂ ಕೇಳಿದ ನೆನಪಿಲ್ಲ.

ಅವನ ಹೆಸರು ಸುಘೋಷ. ಆದಿ ಉಡುಪಿಯವನು, ಮಣಿಪಾಲದ ಮುದ್ರಣಾಲಯವೊಂದರಲ್ಲಿ ಮೇಲ್ವಿಚಾರಕ. ಅಪ್ಪನ ಕಾಲಿನ ಗಾಯಕ್ಕೆ ಡ್ರೆಸ್ಸಿಂಗ್ ಮಾಡಿಸಲು ಬಂದವನು ಮಕ್ಕಳ ವಿಭಾಗದ ಎದುರಿನಿಂದ ಹಾದು ಹೋಗುತ್ತಿದ್ದ.

ಗಾನವಿಯ ತಂದೆ ತಾರಾನಾಥ ಉಪಾಧ್ಯಾಯರು ಕಾಪು ಸಮೀಪದ ದೇವಸ್ಥಾನವೊಂದರ ಅರ್ಚಕರು. ಮೂರನೆಯ ಮಗು ಹುಟ್ಟಿದ ವರ್ಷ ಮಠದ ಪ್ರವಚನವೊಂದರಲ್ಲಿ ಸ್ವಾಮಿಗಳೊಬ್ಬರು, ಕುಟುಂಬಗಳು ಬರಿದಾಗುತ್ತಿವೆ, ಮುಂದೆ ದೇವರಿಗೆ ದೀಪ ಇಡುವವರು ಯಾರು ಎಂದು ಕೇಳಿದ್ದರಂತೆ. ಆ ಮಾತು ಗಂಡ ಹೆಂಡತಿ ಇಬ್ಬರ ಮನಸ್ಸಿಗೂ ನಾಟಿತು. ದೇವರು ಕೊಡುವಷ್ಟು ದಿನ ಬೇಡ ಎನ್ನುವುದಿಲ್ಲ ಎಂದು ಇಬ್ಬರೂ ಸಂಕಲ್ಪ ಮಾಡಿದರು.

ಸಂಜೆ ಆ ಮನೆಯಲ್ಲಿ ಮಕ್ಕಳೆಲ್ಲ ಸಾಲಾಗಿ ಕುಳಿತು ಭಜನೆ ಹಾಡುವುದನ್ನು ನೋಡಿದವರು ಕಣ್ಣು ತುಂಬಿಕೊಳ್ಳುತ್ತಿದ್ದರು. ಆ ಹೊತ್ತಿಗೆ ಗಾನವಿ ಒಳಗೆ ಅವರೆಲ್ಲರಿಗೆ ದೋಸೆ ಹೊಯ್ಯುತ್ತಿದ್ದಳು.

ಕಾರ್ಕಳದ ಕಾಲೇಜಿನಲ್ಲಿ ಅವಳು ರಸಾಯನಶಾಸ್ತ್ರದ ಉಪನ್ಯಾಸಕಿ. ಶಿರ್ವ, ಬೆಳ್ಮಣ್ಣು ದಾಟಿ ಹೋಗುವ ಬಸ್ಸಿನ ಕಿಟಕಿ ಬದಿಯ ಸೀಟೊಂದೇ ಅವಳದ್ದೆನ್ನುವ ಜಾಗ. ಅಲ್ಲಿ ಯಾರೂ ಅಕ್ಕಾ ಎಂದು ಕರೆಯುತ್ತಿರಲಿಲ್ಲ.

ಮಳೆಗಾಲ ಕಳೆದ ಮೇಲೆ ಕಾಲೇಜಿನ ವಾರ್ಷಿಕ ಸಂಚಿಕೆಯ ಕರಡು ಹಿಡಿದು ಸುಘೋಷನೇ ಸ್ಟಾಫ್ ರೂಮಿಗೆ ಬಂದ. ಸಂಚಿಕೆಯ ಕೆಲಸ ಗಾನವಿಯ ಪಾಲಿಗಿತ್ತು.

"ಪ್ರಣತಿ ಹೇಗುಂಟು?" ಎಂದ. ಮರುಕ್ಷಣ, "ಅಲ್ಲ, ಮೊದಲು ನೀವು ಹೇಗಿದ್ದೀರಿ?"

ಗಾನವಿಗೆ ತಡೆಯಲಾಗಲಿಲ್ಲ, ನಕ್ಕುಬಿಟ್ಟಳು. ಹೀಗೆ ನಕ್ಕು ಎಷ್ಟು ಕಾಲವಾಯಿತೋ...

ಸಂಚಿಕೆ ಅಚ್ಚಾಗಿ ಬಂತು. ಮಾತು ನಿಲ್ಲಲಿಲ್ಲ. ಬಸ್ಸು ಹತ್ತಿದೊಡನೆ ಅವನ ಸಂದೇಶ ಬಂತೇ ಎಂದು ನೋಡುವುದು ಅವಳಿಗೆ ಅಭ್ಯಾಸವಾಯಿತು. ಕೊನೆಗೊಮ್ಮೆ ಅವನೇ ಕೇಳಿದ. "ನಮ್ಮ ಮನೆಯವರನ್ನು ಕರ್ಕೊಂಡು ನಿಮ್ಮಲ್ಲಿಗೆ ಬರಬಹುದಾ?"

ಬನ್ನಿ ಎಂದಳು. ಬಹಳ ವರ್ಷಗಳ ನಂತರ ತನಗಾಗಿ ಒಂದು ಸೀರೆ ಆರಿಸಿದಳು.

ಆ ಭಾನುವಾರ ಚಾವಡಿಯಲ್ಲಿ ಮಾತು ಸರಾಗವಾಗಿ ಸಾಗಿತ್ತು. ಒಳಬಾಗಿಲ ಹತ್ತಿರ ಗಾನವಿ ಪ್ರಣತಿಯನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಳು. ಹೊಸ ಸೀರೆಯ ಸೆರಗು ಆಗಲೇ ಮಗುವಿನ ಜೊಲ್ಲಿನಿಂದ ಒದ್ದೆಯಾಗಿತ್ತು.

"ಸಂತಾನ ಅಂದರೆ ದೇವರ ಪ್ರಸಾದ," ಎಂದರು ಉಪಾಧ್ಯಾಯರು. "ಈಗಿನವರು ಒಂದಕ್ಕೇ ಸಾಕು ಅಂತಾರೆ. ನಿಮ್ಮ ಅಭಿಪ್ರಾಯ ಎಂತ?"

"ನಾನು ಒಬ್ಬನೇ ಬೆಳೆದವನು," ಎಂದ ಸುಘೋಷ. "ಮನೆ ತುಂಬ ಮಕ್ಕಳಿರಬೇಕು ಅಂತ ನನಗೆ ಚಿಕ್ಕಂದಿನಿಂದಲೂ ಆಸೆ. ಈ ಮನೆ ನೋಡಿದರೆ ಖುಷಿ ಆಗ್ತದೆ."

ಗಾನವಿ ಬಾಗಿಲಿಂದ ಒಂದು ಹೆಜ್ಜೆ ಹಿಂದೆ ಸರಿದಳು.

ಇವನೂ... ಇವನಿಗೂ ಬೇಕಾದದ್ದು ಇದೇ. ನನ್ನನ್ನಲ್ಲ, ನನ್ನ ಸೊಂಟದ ಮೇಲಿನ ಮಗುವನ್ನು ನೋಡಿ ಮೆಚ್ಚಿಕೊಂಡದ್ದು!

ಅವರು ಹೊರಟ ಮೇಲೆ ಈ ಸಂಬಂಧ ಬೇಡ ಎಂದಳು. ಕಾರಣ ಹೇಳಲಿಲ್ಲ. ಅವನ ಕರೆಗಳಿಗೆ ಉತ್ತರಿಸಲಿಲ್ಲ. ಅಪ್ಪ ಬೈಯಲಿಲ್ಲ, ಮಾತೂ ಆಡಲಿಲ್ಲ. ಮನೆಯ ಕೆಲಸ ಮಾತ್ರ ಎಂದಿನಂತೆ ಅವಳ ಮೇಲೆ ಬೀಳುತ್ತಲೇ ಇತ್ತು.

ಒಂದು ಮಧ್ಯಾಹ್ನ ಅಮ್ಮ ಮನೋರಮಾ ಪ್ರಣತಿಗೆ ಗಂಜಿ ತಿನ್ನಿಸುತ್ತಾ ಕೇಳಿದರು. "ಆ ಹುಡುಗನಲ್ಲಿ ಎಂತ ಕುಂದು ಕಂಡೆ ಮಗಾ?"

"ಅವರಿಗೆ ಮನೆ ತುಂಬ ಮಕ್ಕಳು ಬೇಕಂತೆ. ನನ್ನಿಂದ ಆಗುವುದಿಲ್ಲ ಅಮ್ಮ. ನನಗೆ ಸಾಕಾಗಿ ಹೋಗಿದೆ..." ಮಾತು ಮುಗಿಯುವ ಮುನ್ನವೇ ಅಳು ಬಂತು. "ಅಪ್ಪನ ಸಂಕಲ್ಪಕ್ಕೆ ನೀವೂ ಬಲಿಯಾದಿರಿ, ನಾನೂ ಆದೆ."

ಅಮ್ಮ ಬಟ್ಟಲು ಕೆಳಗಿಟ್ಟರು.

"ಅಪ್ಪನನ್ನು ದೂರಬೇಡ. ನಾನು ಬೇಕು ಅಂತಲೇ ಹೆತ್ತದ್ದು. ಒಂದೊಂದು ಸಲ ಬಸಿರಾದಾಗಲೂ ನನಗೆ ಸಂತೋಷವೇ ಆಗಿತ್ತು. ಸುಳ್ಳಲ್ಲ." ಪ್ರಣತಿಯ ಬಾಯಿ ಒರೆಸಿದರು. "ಆದರೆ ಸಂಕಲ್ಪ ಮಾಡಿದ್ದು ನಾವಿಬ್ಬರು. ಹೊತ್ತುಕೊಂಡದ್ದು ನೀನು. ನಿನ್ನನ್ನು ನಾವು ಕೇಳಲೇ ಇಲ್ಲ... ಅದು ನನಗೆ ಗೊತ್ತಿತ್ತು ಮಗಾ. ಗೊತ್ತಿದ್ದೂ ಸುಮ್ಮನಿದ್ದೆ."

ಗಾನವಿ ಅಮ್ಮನ ಮುಖ ನೋಡಿದಳು. ಅಲ್ಲೂ ತನ್ನದೇ ದಣಿವು.

"ಹೋಗಿ ಅವನ ಹತ್ತಿರ ಮಾತಾಡು. ಬೇಡ ಅನ್ನುವುದಾದರೂ ಮುಖ ನೋಡಿ ಹೇಳು. ಪ್ರಣತಿಯನ್ನು ನಾನು ನೋಡಿಕೊಳ್ತೇನೆ."

ಮರುದಿನ ಗಾನವಿ ಮಣಿಪಾಲಕ್ಕೆ ಹೋದಳು. ಮುದ್ರಣಾಲಯದ ಎದುರಿನ ಕ್ಯಾಂಟೀನಿನಲ್ಲಿ ಇಬ್ಬರೂ ಕುಳಿತರು. ಅವನ ಅಂಗಿಯ ತೋಳಿಗೆ ನೀಲಿ ಶಾಯಿ ಮೆತ್ತಿತ್ತು. ಮುಖ ಸೊರಗಿತ್ತು.

"ನಾನು ಎಂತ ತಪ್ಪು ಮಾಡಿದೆ ಅಂತಾದರೂ ಹೇಳಿ ಗಾನವಿ."

"ತಪ್ಪಲ್ಲ. ನಿಮಗೆ ಮಕ್ಕಳ ಆಸೆ. ನಾನು ಓದುವ ವಯಸ್ಸಿನಲ್ಲೇ ಮಕ್ಕಳನ್ನು ಬೆಳೆಸಿ ಆಯ್ತು. ಅವರ ಮೇಲೆ ಪ್ರೀತಿ ಉಂಟು. ಆದರೆ ನನ್ನದು ಅಂತ ಒಂದು ಮಗು ಬೇಕು ಅಂತ ಅನ್ನಿಸುವುದೇ ಇಲ್ಲ. ಮುಂದೆಯೂ ಅನ್ನಿಸದೇ ಇರಬಹುದು."

ಆಗಲಿ, ಪರವಾಗಿಲ್ಲ ಎಂದು ಅವನು ತಕ್ಷಣ ಹೇಳಬಹುದೆಂದು ಅವಳ ಮನಸ್ಸಿನ ಮೂಲೆಯೊಂದು ಕಾದಿತ್ತು.

ಅವನು ಹೇಳಲಿಲ್ಲ.

"ನನ್ನ ಆಸೆ ಸುಳ್ಳಲ್ಲ," ಎಂದ, ತೋಳಿನ ಶಾಯಿ ಉಜ್ಜುತ್ತಾ. "ಯೋಚನೆ ಮಾಡದೆ ಮಾತು ಕೊಟ್ಟರೆ ಮುಂದೆ ನಿಮಗೆ ಅನ್ಯಾಯ ಆದೀತು. ನನಗೆ ಸ್ವಲ್ಪ ಸಮಯ ಬೇಕು."

ಅವಳು ತಲೆಯಾಡಿಸಿ ಎದ್ದಳು. ಮುಗಿಯಿತು... ಆದರೂ ಒಂದು ಸಮಾಧಾನ. ಇವನು ನನಗೆ ಸುಳ್ಳು ಹೇಳಲಿಲ್ಲ.

ದಿನಗಳು ಕಳೆದವು. ಅವನಿಂದ ಸುದ್ದಿಯಿಲ್ಲ. ಅವಳು ಕಾಯುವುದನ್ನೂ ಬಿಟ್ಟಳು.

ಒಂದು ರಜೆಯ ಬೆಳಿಗ್ಗೆ ಉಪಾಧ್ಯಾಯರು ಪೂಜೆ ಮುಗಿಸಿ ಮನೆಗೆ ಬಂದರು. ಅವರ ಹಿಂದೆಯೇ ಸುಘೋಷ ಅಂಗಳಕ್ಕೆ ಬಂದ. ಈ ಸಲ ಒಬ್ಬನೇ.

"ಆ ಭಾನುವಾರ ನಾನು ಹೇಳಿದ ಮಾತು ಅರ್ಧ ಮಾತ್ರ," ಎಂದ ಅವರಿಗೆ. "ಗಾನವಿಯನ್ನು ಕೇಳದೆ ಹೇಳಿದ್ದು. ಅವಳಿಗೆ ಮಕ್ಕಳು ಬೇಡವಾದರೆ ನಮಗೆ ಮಕ್ಕಳು ಬೇಡ. ನಮ್ಮ ಮನೆಯಲ್ಲೂ ಹೇಳಿದ್ದೇನೆ. ಅಮ್ಮ ಅತ್ತರು. ನಾನೂ ಅತ್ತೆ. ಆದರೂ ಬಂದದ್ದು ಇದಕ್ಕೇ."

ಉಪಾಧ್ಯಾಯರ ಮುಖ ಕೆಂಪಾಯಿತು. "ದೇವರು ಕೊಡುವುದನ್ನು ಬೇಡ ಅನ್ನಲಿಕ್ಕೆ ನೀವು ಯಾರು?"

"ಅವಳನ್ನು ಕೇಳಿ," ಎಂದರು ಮನೋರಮಾ ಒಳಗಿಂದ ಬಂದು. ಅಷ್ಟು ವರ್ಷಗಳಲ್ಲಿ ಗಂಡನ ಮಾತಿಗೆ ಅಡ್ಡ ಬಂದದ್ದು ಅದೇ ಮೊದಲು. "ಒಮ್ಮೆಯಾದರೂ ಅವಳನ್ನು ಕೇಳಿ."

ಬಾಗಿಲ ಹತ್ತಿರ ಗಾನವಿ. ಸೊಂಟದ ಮೇಲೆ ಮಗು, ಹೆಗಲ ಮೇಲೆ ತಮ್ಮನ ಒದ್ದೆ ಅಂಗಿ. ಉಪಾಧ್ಯಾಯರು ಮಗಳನ್ನು ನೋಡಿದರು, ನೋಡುತ್ತಲೇ ಇದ್ದರು.

"ಇವನು ಬೇಕಾ ನಿನಗೆ?"

"ಬೇಕು ಅಪ್ಪ."

"ನನಗೆ ಇದು ಒಪ್ಪಿಗೆಯಾಗುವ ವಿಷಯ ಅಲ್ಲ." ಹೆಗಲ ಶಾಲು ಸರಿಪಡಿಸಿಕೊಂಡರು. "ಆದರೆ ನಿನ್ನ ಸಂಕಲ್ಪ ನಿನ್ನದು." ಹತ್ತಿರ ಬಂದು, ಪ್ರಣತಿಯನ್ನು ಅವಳ ಸೊಂಟದಿಂದ ಇಳಿಸಿಕೊಂಡು, ಒಳಗೆ ಹೋದರು. ಮನೋರಮಾ ಹಿಂಬಾಲಿಸಿದರು.

ಗಾನವಿಗೆ ಕೈಗಳನ್ನು ಏನು ಮಾಡಬೇಕೆಂದೇ ತಿಳಿಯಲಿಲ್ಲ. ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಸುಘೋಷ ಪಕ್ಕದಲ್ಲಿ ಕುಳಿತ.

"ನಿಮಗೆ ಬೇಜಾರಿಲ್ವಾ?" ಎಂದಳು.

"ಉಂಟು. ಇಲ್ಲ ಅಂತ ಹೇಳುವುದಿಲ್ಲ. ಆದರೆ ಮಕ್ಕಳಿಲ್ಲದ ಮನೆಯನ್ನು ಕಲ್ಪಿಸಿಕೊಳ್ಳಲಿಕ್ಕೆ ಆಯ್ತು. ನೀವಿಲ್ಲದ ಮನೆಯನ್ನು ಕಲ್ಪಿಸಲಿಕ್ಕೆ ಆಗಲಿಲ್ಲ."

ಅವಳ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ.

"ಮುಂದೆ ಯಾವತ್ತಾದರೂ ನನ್ನ ಮನಸ್ಸು ಬದಲಾದರೆ?"

"ಆಗ ಮಾತಾಡುವ."

"ಬದಲಾಗದಿದ್ದರೆ?"

"ಆಗಲೂ ಮಾತಾಡುವ. ಮಾತಾಡಬೇಕಾದವರು ನಾವಿಬ್ಬರೇ ಅಲ್ವಾ?"

ಅವಳು ತನ್ನ ಖಾಲಿ ಕೈಯನ್ನು ಅವನ ಕೈಯೊಳಗಿಟ್ಟಳು.

"ಸುಘೋಷ," ಎಂದಳು. ಅವನನ್ನು ಹೆಸರು ಹಿಡಿದು ಕರೆದದ್ದು ಇದೇ ಮೊದಲು. "ಸ್ವಲ್ಪ ಹೊತ್ತು ಹೀಗೇ ಕೂತಿರುವ. ಎಂತದೂ ಮಾಡುವುದು ಬೇಡ."

"ಆಯ್ತು," ಎಂದ ಅವನು.