ಮುಟ್ಟಿನ ಗುಡಿಸಲಿನ ಗೋಡೆ

“ಯಾರ್ಲಾ ಅದು, ಗೋಡೆ ಮುಟ್ತಾ ಇರದು?”

ಒಳಗಿನಿಂದ ಬಂದ ಹೆಣ್ಣುದನಿಗೆ ರಾಚನ ಕುಂಚ ನಿಂತುಬಿಟ್ಟಿತು.

ಅವನು ರಾಜ್ಯದ ಗಡಿಯಾಚೆಯ ಚಾಮರಾಜನಗರದ ಕಡೆಯವನು. ಗೋಡೆಗಳ ಮೇಲೆ ಜಾಹೀರಾತು ಬರೆದು ಬದುಕುವವನು. ಅಂದು ಬರೆಯುತ್ತಿದ್ದುದು ಮಹಿಳಾ ಸಂಘದವರು ಕೊಟ್ಟ ಸಾಲು: ‘ಮುಟ್ಟು ಮೈಲಿಗೆಯಲ್ಲ. ಹೆಣ್ಣನ್ನು ಹೊರಗಿಡಬೇಡಿ.’ ತಾಳಮಲೆ ರಸ್ತೆಗೆ ಮುಖಮಾಡಿದ ಒಂಟಿ ಗುಡಿಸಲು, ಸುಣ್ಣ ಬಳಿದ ಗೋಡೆ... ಒಳಗೆ ಯಾರೂ ಇಲ್ಲ ಎಂದುಕೊಂಡಿದ್ದ. ಮುಟ್ಟಾದವರನ್ನು ಊರು ಐದು ದಿನ ಕೂರಿಸುವುದು ಇಲ್ಲೇ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಒಳಗಿದ್ದವಳು ಮಮತ, ಕೂಲಿ ಮಾಡುವ ಚಿಕ್ಕಸಿದ್ದನ ಮಗಳು. ಅಂದು ಅವಳ ಐದನೆಯ ದಿನ, ಸಂಜೆಗೆ ಮಿಂದು ಮನೆ ಸೇರಬೇಕಿತ್ತು.

ಸೇರಲಿಲ್ಲ. ಹೆಣ್ಣು ಒಳಗಿರುವಾಗ ಗಂಡು ಗೋಡೆ ಮುಟ್ಟಿದರೆ ಗುಡಿಸಲು ಕೆಟ್ಟಿತು, ಅಮಾವಾಸ್ಯೆಗೆ ಮಾದಪ್ಪನ ತೀರ್ಥ ಬರುವವರೆಗೆ ಅವಳು ಹೊರಬರಕೂಡದು ಎಂದು ಊರ ಯಜಮಾನ ರುದ್ರಸ್ವಾಮಿ ಕಟ್ಟಳೆ ಹೇಳಿದರು. ಇನ್ನೂ ಒಂಬತ್ತು ದಿನ!

ಬಾಗಿಲಿಗೆ ಚಿಲಕವಿರಲಿಲ್ಲ. ಆದರೂ ಅವಳ ಕಾಲು ಹೊಸ್ತಿಲು ದಾಟಲಿಲ್ಲ. ‘ಮಾದಪ್ಪಾ, ಇದು ನಿನ್ನ ಮಾತೋ, ಇವರದೋ...’

ರಾಚ ದಿನವೂ ಬಂದ. ಗುಡಿಸಲ ಎದುರಿನ ಹುಣಸೆಮರದಡಿ ಕೂತು ತಪ್ಪಾಯಿತೆಂದ. ಸಂಘಕ್ಕೆ ತೋರಿಸಲು ಫೋಟೋ ಹೊಡೆಯಲು ಬಂದಿದ್ದಾನೆಂದು ಅವಳು ಬೈದಳು. ಅವನು ಬೈಸಿಕೊಂಡೇ ಕೂತ. ನಾಲ್ಕನೆಯ ದಿನ ಅವನು ತಡವಾದಾಗ, ಗೋಡೆಗೆ ಕಿವಿಯಿಟ್ಟು ಕಾಯುತ್ತಿದ್ದುದು ಅವಳಿಗೇ ಹೊಳೆದು ಮೈ ಜುಮ್ಮೆಂದಿತು.

ಮರುದಿನ ಅವನು ಮದುವೆಯ ಮಾತೆತ್ತಿದ.

“ನಿಮ್ಮೂರ್ಲೂ ಇಂಥ ಗುಡ್ಲು ಇದ್ದದಾ?” ಎಂದಳು ಮಮತ.

“ಗುಡ್ಲಿಲ್ಲ ಕಣಮ್ಮಿ... ನಮ್ಮವ್ವ ಮುಟ್ಟಾದಾಗ ಇತ್ತಲಲ್ಲಿ ಕೂತ್ಕತ್ತಳೆ.”

“ನೀ ಯಾವತ್ತಾರ ಒಳಕ್ ಬಾ ಅಂದಿದ್ದಿಯಾ?”

ಊರೂರ ಗೋಡೆಗೆ ಬರೆದವನು ಮನೆಯಲ್ಲಿ ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ. ಎದ್ದು ಹೋದ.

ಒಂದು ದಿನ... ಎರಡು ದಿನ. ಬರಲಿಲ್ಲ. ಇವನೂ ಅಷ್ಟೆ, ಎಂದುಕೊಂಡು ಅವಳು ಮೊಣಕಾಲಿಗೆ ಮುಖವಿಟ್ಟಳು.

ಅಮಾವಾಸ್ಯೆಯ ಹಿಂದಿನ ದಿನ, ಮಧ್ಯಾಹ್ನ, ನಡುವಯಸ್ಸಿನ ಹೆಂಗಸೊಬ್ಬಳು ತಲೆ ಬಗ್ಗಿಸಿ ಒಳಗೆ ಬಂದಳು. ರಾಚನ ತಾಯಿ ದೊಡ್ಡಮಾದಮ್ಮ.

“ಈ ಸಲ ಮುಟ್ಟಾದಾಗ ಅಡ್ಗೆಮನೇಲೇ ಇದ್ದೆ ಕಣವ್ವ. ಮಗನೇ ಕೈ ಇಡ್ದು ಕರ್ಕಂಡ. ದೇವ್ರು ಮುನಿಸ್ಕಳ್ನಿಲ್ಲ. ಏಳು, ಓಗವ.”

ಮಮತ ಎದ್ದಳು. ಅವಳ ಕಾಲು ಹೊಸ್ತಿಲು ದಾಟಿತು.

ಆಚೆ ರಾಚ ನಿಂತಿದ್ದ. ದೂರದಲ್ಲಿ ಊರಿನವರು ಒಬ್ಬೊಬ್ಬರಾಗಿ ಸೇರುತ್ತಿದ್ದರು.

“ಕೈ ಇಡ್ಕಳ್ಲಾ?” ಎಂದ ಅವನು, ಮೆಲ್ಲಗೆ.

“ಇಡ್ಕ... ಊರೋರ್ ಮುಂದಕ್ ಓದಾಗ ಮಾತ್ರ ಬುಡ್ಬ್ಯಾಡ.”