ಗುಜರಿಗೆ ಹೋದ ಸರ್ವರ್

ನನ್ನ ಕೆಲಸದ ಮೇಲೆ ನನಗೆ ನಂಬಿಕೆಯಿದೆ, ಹಾಗಾಗಿ ಕಂಡದ್ದನ್ನು ಕಂಡಂತೆ ಬರೆಯುತ್ತೇನೆ. ನಮ್ಮ ಕಚೇರಿಯ ದೊಡ್ಡ ಸರ್ವರ್‌ಗಳ ಲಾಗ್‌ಗಳನ್ನು, ಅಂದರೆ ಅವು ಕ್ಷಣಕ್ಷಣಕ್ಕೂ ಕೊಡುವ ವರದಿಗಳನ್ನು, ಕ್ಲೌಡ್‌ನಲ್ಲಿರುವ ಭದ್ರತಾ ಕಾವಲು ತಂತ್ರಾಂಶಕ್ಕೆ ಕಳಿಸುವ ಏರ್ಪಾಡು ಮಾಡಿದವಳು ನಾನೇ. ಎಲ್ಲಿಗೆ ಕಳಿಸಬೇಕೆಂದು ಒಂದೊಂದು ಸರ್ವರ್‌ಗೂ ಕೈಯಾರೆ ಹೇಳಿಕೊಡಬೇಕು. ಅವತ್ತು ಮಧ್ಯಾಹ್ನ, ಈ ಏರ್ಪಾಡಿಗೂ ಮುಂಚೆಯೇ ಬಿಚ್ಚಿ ಗುಜರಿಗೆ ಹಾಕಿದ್ದ ಒಂದು ಸರ್ವರ್‌ನಿಂದಲೂ ಲಾಗ್ ಬರತೊಡಗಿತು.

“ಸತ್ತೋರೂ ಡ್ಯೂಟಿಗೆ ಬಂದ್ರೆ ನಮಗೆ ರಜಾ ಸಿಗುತ್ತೆ ಬಿಡಿ ಅಕ್ಕ,” ಎಂದ ಸಹೋದ್ಯೋಗಿ.

ನನಗೆ ನಗು ಬರಲಿಲ್ಲ. ಮನೆಯಲ್ಲಿ ಮಗಳಿಗೆ ಜ್ವರ. ಇದು ಇತ್ಯರ್ಥವಾಗದೆ ಹೊರಡುವಂತಿರಲಿಲ್ಲ. ಅವನನ್ನು ಪರದೆಯ ಮುಂದೆ ಕೂರಿಸಿ, ಫೋನ್ ಕಿವಿಗಿಟ್ಟುಕೊಂಡೇ ಸರ್ವರ್ ಕೋಣೆಗೆ ಹೋದೆ. ಅಲ್ಲಿ ಯಾವಾಗಲೂ ಕೊರೆಯುವ ಚಳಿ. ಆದರೆ ಆ ಹಳೆಯ ಸರ್ವರ್ ತೆಗೆದ ಖಾಲಿ ಜಾಗದಿಂದ ಬೆಚ್ಚನೆಯ ಗಾಳಿ ಬರುತ್ತಿತ್ತು. ಅಂಗೈ ಅಡ್ಡ ಹಿಡಿದೆ.

“ಅಕ್ಕ, ಗಾಳಿಗೆ ಏನೋ ಅಡ್ಡ ಬಂದಿದೆ ಅಂತ ಅದರ ಲಾಗ್ ಹೇಳ್ತಿದೆ.”

ಕೈ ತೆಗೆದೆ.

“ಹಾಂ, ಸರಿಹೋಯ್ತು. ಏನ್ ಮಾಡಿದ್ರಿ?”

“ಏನಿಲ್ಲ ಮಾರಾಯ,” ಎಂದೆ. ಕಾವಲಿನ ಪಟ್ಟಿಯಲ್ಲಿ ಅದಕ್ಕೆ ‘ಗೊತ್ತಿರುವ ಸರ್ವರ್’ ಎಂದು ಗುರುತು ಹಾಕಿ ಮಗಳ ಬಳಿಗೆ ಹೋದೆ.

ಆ ಜಾಗದಲ್ಲಿ ಬೇರೆ ಸರ್ವರ್ ಇಡಲು ನಾನಿನ್ನೂ ಬಿಟ್ಟಿಲ್ಲ. ಲಾಗ್ ಇವತ್ತೂ ಬಂದಿದೆ.